ಗುಳಿಗೆ ಕರಗುವವರೆಗೆ

ಅವರು ತುಂಬ ಎತ್ತರದ ಮನುಷ್ಯ. ಬೆಂಚಿನ ಮೇಲೆ ಕುಳಿತವರ ಬಾಯೊಳಗೆ ನೋಡಬೇಕಾದರೆ ಎರಡೂ ಮೊಣಕಾಲು ಮಡಚಿ, ಬಲಗೈಯಲ್ಲಿ ಪೆನ್ನಿನಷ್ಟು ಸಣ್ಣ ಟಾರ್ಚು ಹಿಡಿದು, ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಅರ್ಧ ಕುಳಿತಂತೆ ಬಾಗುತ್ತಿದ್ದರು. ಬಾಗುವಾಗ ಮೊಣಕಾಲು ಲಟಕ್ಕೆನ್ನುತ್ತಿತ್ತು. "ನಾಲಿಗಿ ಮ್ಯಾಲೆತ್ರಿ" ಎನ್ನುವರು. ಎತ್ತಿದ ನಾಲಿಗೆಯ ಕೆಳಗೆ ಬಿಳಿಯ ಪುಡಿ ಇನ್ನೂ ಉಳಿದಿದ್ದರೆ "ಇನ್ನೂ ಐತಿ, ಕರಗಲಿ" ಎಂದು ನೆಟ್ಟಗಾಗಿ ಮುಂದಿನವರ ಕಡೆ ಹೋಗುವರು. ಬೆಳಗಿನ ಎರಡು ತಾಸಿನಲ್ಲಿ ಮೂವತ್ತು ನಲವತ್ತು ಮಂದಿಯ ಮುಂದೆ ಹೀಗೆ ಬಾಗುತ್ತಿದ್ದರು. ಅವರಿಗೆ ಹಳೆಯ ಸೊಂಟನೋವಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಆ ನೋವಿಗೆ ಅವರು ಬಿಸಿನೀರಿನ ಚೀಲವೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ನಾವೆಲ್ಲ ಅವರನ್ನು ಬ್ರದರ್ ಎಂದೇ ಕರೆಯುತ್ತಿದ್ದೆವು. ದವಾಖಾನೆಗಳಲ್ಲಿ ಗಂಡು ನರ್ಸಿಗೆ ಹಾಗೆಯೇ ಅನ್ನುತ್ತಾರೆ. ಬಾಗಲಕೋಟೆಯ ನವನಗರದಲ್ಲಿ, ಒಂದು ಸೆಕ್ಟರಿನ ಕೊನೆಯ ಓಣಿಯಲ್ಲಿ, ಚಟ ಬಿಡಿಸುವ ಸಣ್ಣದೊಂದು ಕೇಂದ್ರ. ಎರಡು ಕೋಣೆ, ಮುಂದೆ ತಗಡಿನ ನೆರಳು, ನೆರಳಿನಲ್ಲಿ ಉದ್ದನೆಯ ಎರಡು ಬೆಂಚು. ವಾರಕ್ಕೆ ಎರಡು ದಿನ ಡಾಕ್ಟರಮ್ಮ ಬರುತ್ತಿದ್ದರು. ಬ್ರದರ್ ಮಾತ್ರ ಏಳೂ ದಿನ. ಬೆಳಗ್ಗೆ ಏಳೂವರೆಗೆ ಬಾಗಿಲು ತೆಗೆದು, ಹಳೆಯ ಚಟದ ಸಂಕಟವನ್ನು ತಡೆಯುವ ಗುಳಿಗೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ನಮ್ಮ ನಾಲಿಗೆಯ ಕೆಳಗೆ ಹಾಕುತ್ತಿದ್ದರು. ನುಂಗಿದರೆ ಅದು ಕೆಲಸ ಮಾಡುವುದಿಲ್ಲ; ನಾಲಿಗೆಯಡಿಯಲ್ಲೇ ಕರಗಬೇಕು. ಕರಗಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಮಾತಾಡುವಂತಿಲ್ಲ. ಕಲ್ಲಿನ ಕೆಲಸದವರು, ಲಾರಿ ಡ್ರೈವರುಗಳು, ಒಬ್ಬ ಬಟ್ಟೆ ಅಂಗಡಿಯವರು, ಮತ್ತೆ ನಾನು, ಹುನಗುಂದದ ಹೈಸ್ಕೂಲಿನ ಕನ್ನಡ ಮಾಸ್ತರ, ಬಾಯಿ ಮುಚ್ಚಿಕೊಂಡು ಸಾಲಾಗಿ ಕುಳಿತಿರುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನಾನು ಅಲ್ಲಿಗೆ ಹೋಗಿ ಮುಟ್ಟಿದ ದಾರಿಯನ್ನು ಸ್ವಲ್ಪ ಹೇಳಬೇಕು. ಅಮೀನಗಡ ದಾಟಿದ ಮೇಲೆ ಮೋಟಾರ್ ಸೈಕಲ್ಲಿನಿಂದ ಬಿದ್ದು ಬೆನ್ನಿಗೆ ಆಪರೇಷನ್ ಆಯಿತು. ನೋವಿಗೆಂದು ಗುಳಿಗೆ ಬರೆದುಕೊಟ್ಟರು. ಮೂರು ತಿಂಗಳಿಗೆ ಬೆನ್ನು ನೆಟ್ಟಗಾಯಿತು, ಗುಳಿಗೆ ಬಿಡಲಿಲ್ಲ. ಒಂದು ದಿನ ತಪ್ಪಿಸಿದರೆ ಮೂಗು ಸೋರುತ್ತಿತ್ತು, ಕಾಲಿನ ಎಲುಬುಗಳನ್ನು ಯಾರೋ ಒಳಗಿನಿಂದ ಹಿಂಡಿದಂತಾಗುತ್ತಿತ್ತು, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ತೆಗೆದುಕೊಂಡರೆ ಅರ್ಧ ತಾಸಿನಲ್ಲಿ ಎಲ್ಲ ಸರಿ. ಎರಡು ಇದ್ದದ್ದು ನಾಲ್ಕಾಯಿತು, ನಾಲ್ಕು ಎಂಟಾಯಿತು. ಹುನಗುಂದದಲ್ಲಿ ಕೊಳ್ಳುವಂತಿರಲಿಲ್ಲ, ಔಷಧದ ಅಂಗಡಿಯವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ಸೋಮವಾರ ಇಳಕಲ್ಲು, ಗುರುವಾರ ಬಾಗಲಕೋಟೆ, ಭಾನುವಾರ ಬಾದಾಮಿ. ಭಾನುವಾರಕ್ಕೊಂದು ನೆಪ ಬೇಕಿತ್ತು. ಮಹಾಕೂಟಕ್ಕೆ ಹೋಗಿ ಬರುತ್ತೇನೆ ಎಂದೆ. ಗಂಡನಿಗೆ ಭಕ್ತಿ ಬಂತೆಂದು ನನ್ನ ಹೆಂಡತಿ ಸಂತೋಷಪಟ್ಟು ಬುತ್ತಿ ಕಟ್ಟಿಕೊಟ್ಟಳು. ಆ ಸುಳ್ಳನ್ನು ಪೂರ್ತಿ ಸುಳ್ಳು ಮಾಡಲು ಮನಸ್ಸು ಬಾರದೆ ಬಾದಾಮಿಯಿಂದ ನಿಜಕ್ಕೂ ಮಹಾಕೂಟಕ್ಕೆ ಹೋಗುತ್ತಿದ್ದೆ. ಹೊಂಡದ ಮೆಟ್ಟಿಲ ಮೇಲೆ ಕುಳಿತು, ಸುತ್ತ ಜನ ಮಕ್ಕಳಿಗೆ ಸ್ನಾನ ಮಾಡಿಸುತ್ತಿರುವಾಗ, ಕಾಗದ ಹರಿದು ಗುಳಿಗೆ ನುಂಗುತ್ತಿದ್ದೆ. ಅಷ್ಟು ಜನರ ನಡುವೆ ಅಷ್ಟು ಒಬ್ಬನೇ ನಾನು ಎಂದೂ ಇರಲಿಲ್ಲ.

ಎರಡು ವರ್ಷ ಹೀಗೆ ನಡೆದು, ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತ ಇದ್ದವನು ಫಿಟ್ಸ್ ಬಂದು ಬಿದ್ದೆ. ಮಕ್ಕಳು ಕಿರುಚಿದ್ದಷ್ಟೇ ನೆನಪು. ಬಾಗಲಕೋಟೆಯ ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಡಾಕ್ಟರು ಹೆಂಡತಿಯನ್ನು ಹೊರಗೆ ಕಳಿಸಿ, "ದಿನಕ್ಕ ಎಷ್ಟ ತೊಗೋತೀರಿ?" ಎಂದು ಕೇಳಿದರು. ಅವರು ಕೊಟ್ಟ ಚೀಟಿ ಹಿಡಿದುಕೊಂಡು ನವನಗರದ ಕೇಂದ್ರಕ್ಕೆ ಹೋದೆ.

ಮೊದಲ ಔಷಧಕ್ಕೆ ಬರುವಾಗ ಹಿಂದಿನ ದಿನದಿಂದ ಏನೂ ತೆಗೆದುಕೊಳ್ಳದೆ ಬರಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಬಸ್ಸಿನಲ್ಲಿ ಶಾಲು ಹೊದ್ದು ಕುಳಿತಿದ್ದೆ. ಬೇಸಿಗೆ. ಕಂಡಕ್ಟರು ಎರಡು ಸಲ ನೋಡಿದ. ಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕುಸಿದವನ ಕೈಯನ್ನು ಬ್ರದರ್ ಹಿಡಿದು ನಾಡಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು.

"ಇನ್ನೊಂದ ತಾಸು ತಡೀಬೇಕ್ರಿ ಮಾಸ್ತರ."

"ಆಗೂದಿಲ್ರಿ. ಈಗ ಕೊಡ್ರಿ, ಕೈ ಮುಗೀತೇನಿ."

"ಈಗ ಕೊಟ್ರ ನಿಮಗ ತ್ರಾಸ ಹೆಚ್ಚಾಗ್ತೈತಿ. ಹಳೇದು ಮೈಯಿಂದ ಇಳೀಬೇಕು. ನಾ ಇಲ್ಲೇ ಕುಂದರ್ತೇನಿ."

ಕುಳಿತರು. ಉಳಿದವರಿಗೆ ಕೊಡುವುದು ಮುಗಿದಿತ್ತು. ಒಂದು ತಾಸು ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತರು. ಧೈರ್ಯ ಹೇಳಲಿಲ್ಲ, ಬೆನ್ನು ತಟ್ಟಲಿಲ್ಲ. ನಾನು ಎದ್ದು ಹೋಗಿ ಗೋಡೆಯ ಮರೆಗೆ ವಾಂತಿ ಮಾಡಿದಾಗ ಕೊಡದಿಂದ ನೀರು ತಂದು ಕೈಮೇಲೆ ಹಾಕಿದರು. ಆಮೇಲೆ ಕೊಟ್ಟರು. ಪುಡಿ ಕಹಿ. ಹತ್ತು ನಿಮಿಷ ಕಳೆದು, ಇನ್ನೂ ಹತ್ತು ನಿಮಿಷ ಕಳೆದು, ಕಾಲಿನೊಳಗಿನ ಹಿಂಡುವಿಕೆ ಸಡಿಲವಾಯಿತು. ಅಮಲೇನೂ ಬರಲಿಲ್ಲ. ಸುಮ್ಮನೆ ಹಸಿವಾಯಿತು. ಹಾಗೆ ಹೇಳಿದೆ. ಅವರು ಒಳಗೆ ಹೋಗಿ ಖಾನಾವಳಿಯಿಂದ ತಂದಿಟ್ಟಿದ್ದ ತಮ್ಮ ಮಧ್ಯಾಹ್ನದ ಬುತ್ತಿಯಿಂದ ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ ತಂದು ನನ್ನ ಕೈಗಿಟ್ಟರು.

ಎರಡು ತಿಂಗಳು ರಜೆ ಹಾಕಿ ದಿನವೂ ಹೋದೆ. ಆಮೇಲೆ ವಾರಕ್ಕೆ ಒಮ್ಮೆ ಹೋದರೆ ಸಾಕು, ಉಳಿದ ದಿನಗಳದ್ದನ್ನು ಮನೆಗೆ ಕೊಡುತ್ತೇವೆ ಎಂದರು. ಬ್ರದರ್ ಪ್ರತಿಯೊಬ್ಬರಿಗೂ ಎರಡೇ ಪ್ರಶ್ನೆ ಕೇಳುತ್ತಿದ್ದರು. "ನಿದ್ದಿ ಬಂತೇನ್ರಿ? ಊಟ ಸೇರ್ತೇನ್ರಿ?" ಹಳೆಯದನ್ನು ಮತ್ತೆ ಮುಟ್ಟಿದೆಯಾ ಎಂದು ಯಾರನ್ನೂ ಕೇಳಿದ್ದು ನಾನು ನೋಡಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ. "ಕೇಳಿದ್ರ ಸುಳ್ಳ ಹೇಳ್ತಾರ್ರಿ" ಅಂದರು. "ಸುಳ್ಳ ಹೇಳಿದಾಂವ ನಾಚಿ ನಾಳೆ ಬರೂದ ಬಿಡ್ತಾನ. ಬರಲಿ ಮೊದಲು." ಸಂಗಡ ಬಂದ ಮನೆಯವರು ಯಾರಾದರೂ "ಈ ಚಟಗಾರಗ" ಎಂದು ಮಾತು ತೆಗೆದರೆ ಮಾತ್ರ ಅವರ ದನಿ ಗಡುಸಾಗುತ್ತಿತ್ತು. "ಪೇಶಂಟ್ ಅನ್ರಿ. ಇಲ್ಲಾ ಹೆಸರ ಹಿಡದ ಕರೀರಿ."

ಬೆಂಚಿನ ಮೇಲೆ ನನ್ನ ಪಕ್ಕ ಕುಳಿತುಕೊಳ್ಳುತ್ತಿದ್ದವನು ಇಳಕಲ್ಲಿನ ಒಬ್ಬ ಗ್ರಾನೈಟ್ ಪಾಲಿಶ್ ಕೆಲಸದವ. ಮೂವತ್ತೈದರ ಆಸುಪಾಸು, ಇಬ್ಬರು ಮಕ್ಕಳು. ಅಮಲಿನ ಸೂಜಿ ಚುಚ್ಚಿಕೊಳ್ಳುತ್ತಿದ್ದವನು, ಬಿಟ್ಟು ಒಂದು ವರ್ಷವಾಗಿತ್ತು. ಬಾಯಲ್ಲಿ ಔಷಧವಿದ್ದಾಗ ಮಾತಾಡುವಂತಿಲ್ಲವಲ್ಲ, ಕೈಸನ್ನೆಯಲ್ಲೇ ನಗಿಸುತ್ತಿದ್ದ. ಆ ಬೆಂಚಿನಲ್ಲಿ ನಗುತ್ತಿದ್ದವನು ಅವನೊಬ್ಬನೇ. ಅವನು ಕೆಲವು ವಾರ ಕಾಣಲಿಲ್ಲ. ನಾನೂ ವಿಚಾರಿಸಲಿಲ್ಲ. ನನ್ನದೇ ನನಗೆ ಸಾಕಾಗಿತ್ತು.

ನನ್ನದು ಏನಾಯಿತೆಂದರೆ, ನಮ್ಮ ಮಗಳ ಹುಟ್ಟುಹಬ್ಬಕ್ಕೆ ಹೆಂಡತಿಯ ಅಣ್ಣ ಬಂದಿದ್ದರು. ಗೋಡೆಯ ಮಾಡದಲ್ಲಿಟ್ಟಿದ್ದ ನನ್ನ ಗುಳಿಗೆಯ ಪಟ್ಟಿ ಅವರ ಕಣ್ಣಿಗೆ ಬಿತ್ತು.

"ಇದೇನ್ರಿ ಮಾಸ್ತರ, ಗುಳಿಗಿ ಹೋಗಿ ಗುಳಿಗಿ ಬಂತು. ಒಂದ ಬಿಟ್ಟು ಇನ್ನೊಂದ ಹಿಡದಂಗಾತು. ಗಂಡಸಾಗಿ ಹುಟ್ಟಿ ಇಷ್ಟೂ ಬಿಡಾಕ ಆಗೂದಿಲ್ಲೇನು?"

ಎಲ್ಲರ ಮುಂದೆ ಅಂದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾತು ಹೊಸದೇನಲ್ಲ, ನಾನೇ ನನಗೆ ದಿನವೂ ಹೇಳಿಕೊಳ್ಳುತ್ತಿದ್ದದ್ದು. ಅವಳು ಎದ್ದು ಹೋದದ್ದು ಮಾತ್ರ ತಡೆಯಲಾಗಲಿಲ್ಲ. ಮಾರನೆಯ ದಿನ ಉಳಿದ ಗುಳಿಗೆಗಳನ್ನೆಲ್ಲ ಗಟಾರಕ್ಕೆ ಹಾಕಿದೆ. ಎರಡು ದಿನ ಏನೂ ಆಗಲಿಲ್ಲ. ಗೆದ್ದೆ ಅಂದುಕೊಂಡೆ. ಮೂರನೆಯ ದಿನ ಮೂಗು ಸೋರತೊಡಗಿತು. ನಾಲ್ಕು, ಐದು ದಿನಗಳಲ್ಲಿ ಮಲಗಲಾರೆ, ಕೂರಲಾರೆ. ವಾರದ ಸರದಿಗೆ ಕೇಂದ್ರಕ್ಕೂ ಹೋಗಲಿಲ್ಲ. ಆರನೆಯ ದಿನ ಬೆಳಗ್ಗೆ ಶಾಲೆಗೆಂದು ಹೊರಟವನು ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಇಳಕಲ್ಲಿನ ಬಸ್ಸಿಗೆ ನಿಂತೆ. ಸೋಮವಾರದ ಆ ಅಂಗಡಿ ನನ್ನ ಕಣ್ಣ ಮುಂದೆ ಇತ್ತು. ಆಗ ಫೋನ್ ಬಂತು.

"ಮಾಸ್ತರ, ಎಲ್ಲಿದ್ದೀರಿ?"

"ಸ್ಟ್ಯಾಂಡಿನ್ಯಾಗ."

"ಹಂಗಾರ ಅಲ್ಲೇ ನಿಂದರ್ರಿ. ನಾ ಅಮೀನಗಡ ದಾಟೇನಿ, ಇಳಕಲ್ಲಿಗೆ ಹೊಂಟೇನಿ. ಪಾಲಿಶ್‌ನಾಂವ ಹೋದ್ರಿ. ನಿನ್ನೆ ಸಂಜಿಗೆ."

ಯಾಕೆ ನನ್ನನ್ನು ಕರೆದರು ಎಂದು ಆಗ ತಿಳಿಯಲಿಲ್ಲ. ಬಸ್ಸು ಬಂತು, ಹತ್ತಿದೆ. ಅವರು ಕಿಟಕಿಯ ಪಕ್ಕದಿಂದ ಸರಿದು ಜಾಗ ಬಿಟ್ಟರು.

ಅವನ ಮನೆ ನೇಕಾರರ ಓಣಿಯಲ್ಲಿತ್ತು. ಆ ಒಂದು ಮನೆಯ ಆಚೀಚೆಯ ಮಗ್ಗಗಳಷ್ಟೇ ನಿಂತಿದ್ದವು. ಓಣಿಯ ತುದಿಯ ಮನೆಗಳಲ್ಲಿ ಸದ್ದು ನಡೆದೇ ಇತ್ತು. ಮಣ್ಣು ಮಾಡಿ ಬಂದಿದ್ದರು. ಕಟ್ಟೆಯ ಮೇಲೆ ಗಂಡಸರು ಕುಳಿತಿದ್ದರು. ಬ್ರದರನ್ನು ನೋಡಿ ಸತ್ತವನ ಕಾಕಾ ಎದ್ದು ನಿಂತ.

"ಯಾಕ ಬಂದ್ರಿ? ನಿಮ್ಮ ಗುಳಿಗಿನ ನಮ್ಮ ಹುಡುಗನ್ನ ಹೊತಗೊಂಡ ಹೋತು. ಒಳಗ ಬರಬ್ಯಾಡ್ರಿ."

ಬ್ರದರ್ ಚಪ್ಪಲಿ ಬಿಟ್ಟು, ಬಿಸಿಲಿನಲ್ಲಿ, ಕೈ ಕಟ್ಟಿಕೊಂಡು ನಿಂತರು. ಹೋಗಲೂ ಇಲ್ಲ, ಕೂರಲೂ ಇಲ್ಲ. ನಾನು ಎರಡು ಹೆಜ್ಜೆ ಹಿಂದೆ, ಅವರ ಪರಿಚಯದವನಲ್ಲ ಎಂಬಂತೆ ನಿಂತಿದ್ದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಬಹಳ ಹೊತ್ತಿನ ಮೇಲೆ ಅವನ ಹೆಂಡತಿ ನೀರಿನ ತಂಬಿಗೆ ಹಿಡಿದುಕೊಂಡು ಹೊರಗೆ ಬಂದಳು. ಕೊಡುವಾಗ ಸಣ್ಣ ದನಿಯಲ್ಲಿ ಅಂದಳು:

"ನಿಮ್ಮ ಕಡಿ ಬರೂದು ಬಿಟ್ಟು ಇಪ್ಪತ್ತ ದಿನ ಆಗಿತ್ರಿ ಅಣ್ಣಾರ. ಎಲ್ಲಾರೂ ಕೂಡಿ ಮಹಾಕೂಟಕ್ಕ ಕರ್ಕೊಂಡ ಹೋಗಿ, ಯಾವ ಗುಳಿಗಿನೂ ಮುಟ್ಟೂದಿಲ್ಲಂತ ಆಣಿ ಮಾಡಿಸಿದ್ರು. ನಾ ಬ್ಯಾಡ ಅಂದಿದ್ದೆ. ನನ್ನ ಮಾತ ಯಾರ ಕೇಳ್ತಾರ?"

ಬ್ರದರ್ ನೀರು ಕುಡಿದು ತಂಬಿಗೆಯನ್ನು ಎರಡೂ ಕೈಯಿಂದ ಅವಳಿಗೆ ಹಿಂದಿರುಗಿಸಿದರು. "ನಿಂದೇನೂ ತಪ್ಪಿಲ್ಲವ್ವಾ" ಅಂದರು. ಕಟ್ಟೆಯ ಮೇಲಿದ್ದವರಿಗೆ ಕೈ ಮುಗಿದು ಹೊರಟರು.

ತಿರುಗಿ ಬರುವ ಬಸ್ಸು ಖಾಲಿ ಇತ್ತು. ನನಗೆ ಆಕಳಿಕೆಯ ಮೇಲೆ ಆಕಳಿಕೆ. ಕೈಯ ಕೂದಲು ನೆಟ್ಟಗೆ ನಿಂತಿದ್ದವು.

"ನೀವು ಬಿಟ್ಟು ಎಷ್ಟ ದಿನ ಆತು?" ಎಂದು ಕೇಳಿದರು, ಹೊರಗೆ ನೋಡುತ್ತ.

"ಆರು."

"ಅಂವ ಇಪ್ಪತ್ತ ದಿನ ತಡದಾನ. ಆಮ್ಯಾಲ ತಡೀಲಿಲ್ಲ. ಮದಲ ಎಷ್ಟ ತೊಗೋತಿದ್ನೋ ಅಷ್ಟ ಸೂಜಿಗೆ ತುಂಬಿಕೊಂಡಾನ. ಮೈ ಹಳೇ ಅಳತಿ ಮರ್ತಿರ್ತೈತ್ರಿ. ಉಸರ ನಿಂತ ಬಿಡ್ತೈತಿ."

ಆಗ ಅವರು ನನ್ನ ಕಡೆ ತಿರುಗಿ, ಯಾವ ಪೀಠಿಕೆಯೂ ಇಲ್ಲದೆ ಅಂದರು: "ನಾ ಹನ್ನೊಂದು ವರ್ಷದಿಂದ ತೊಗೋತೇನಿ. ನೀವು ತೊಗೊಳ್ಳೂ ಗುಳಿಗಿನ."

ಹುನಗುಂದ ಬರುವಷ್ಟರಲ್ಲಿ ಹೇಳಿ ಮುಗಿಸಿದರು. ಬೇರೆ ಊರಿನ ದೊಡ್ಡ ದವಾಖಾನೆಯೊಂದರಲ್ಲಿ ಆಪರೇಷನ್ ಥಿಯೇಟರಿನ ನರ್ಸಾಗಿದ್ದರು. ಸೊಂಟನೋವಿಗೆಂದು, ರೋಗಿಗಳಿಗೆ ಕೊಟ್ಟು ಉಳಿದ ಇಂಜೆಕ್ಷನ್ನಿನ ತಳದ ಹನಿಗಳನ್ನು ಚುಚ್ಚಿಕೊಂಡು ಶುರುವಾದದ್ದು. ಆಮೇಲೆ ಉಳಿದದ್ದು ಸಾಲದಾಯಿತು. ಒಂದು ದಿನ ಹೆರಿಗೆಯ ಆಪರೇಷನ್ ಆದ ಹೆಣ್ಣುಮಗಳಿಗೆ ಕೊಡಬೇಕಾದ ನೋವಿನ ಔಷಧವನ್ನು ತಾವು ತೆಗೆದುಕೊಂಡು ಅವಳಿಗೆ ಬರೀ ನೀರು ಚುಚ್ಚಿದರು.

"ಮಧ್ಯಾಹ್ನ ಪೂರಾ ಅತ್ತಳ್ರಿ ಆಕಿ. ಎಲ್ಲಾರೂ, ನಾಜೂಕ ಹುಡುಗಿ, ನೋವು ತಡಿಯಾಂಗಿಲ್ಲ ಅಂತ ಬೈದ್ರು. ನಾನೂ ಬೈದೆ." ಮುಂದಿನ ಸೀಟಿನ ಸರಳು ಹಿಡಿದುಕೊಂಡರು. "ಆಕಿ ಹೆಸರು, ಆಕಿ ಮಲಗಿದ್ದ ಕಾಟಿನ ನಂಬರು, ಎಲ್ಲಾ ನೆನಪೈತಿ. ಅದನ್ನ ಕ್ಷಮಾ ಮಾಡೂದು ಯಾರ ಕೈಯಾಗೂ ಇಲ್ರಿ."

ಸಿಕ್ಕಿಬಿದ್ದರು. ಕೆಲಸ ಹೋಯಿತು. ಹೆಂಡತಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಧಾರವಾಡದ ತವರಿಗೆ ಹೋದಳು, ತಿರುಗಿ ಬರಲಿಲ್ಲ. ಅಣೆಕಟ್ಟಿನ ನೀರಿನಲ್ಲಿ ಮುಳುಗಡೆಯಾದ ಹಳೆಯ ಬಾಗಲಕೋಟೆಯ ಮನೆಗೆ ಬದಲಾಗಿ ಅವರ ತಂದೆಗೆ ನವನಗರದಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ಕಟ್ಟಿದ ಮನೆಯ ಮುಂಭಾಗದಲ್ಲಿ ಅಣ್ಣನ ಸಂಸಾರ, ಹಿತ್ತಿಲ ಕೋಣೆಯಲ್ಲಿ ಇವರು. ಬಾಗಿಲು ಬೇರೆ, ಕುಡಿಯುವ ನೀರಿನ ಕೊಡ ಬೇರೆ. ಅಣ್ಣ ಮಾತು ಬಿಟ್ಟಿದ್ದ. ಆ ಕೋಣೆಯಲ್ಲಿ ಐದು ವರ್ಷ ಸೂಜಿಯೊಂದಿಗೇ ಕಳೆದರು. ಆಮೇಲೆ ಡಾಕ್ಟರಮ್ಮ ಈ ಔಷಧ ಶುರು ಮಾಡಿದರು. ಒಂದು ವರ್ಷ ನೋಡಿ, ಕೇಂದ್ರದಲ್ಲಿ ಕೆಲಸವನ್ನೂ ಕೊಟ್ಟರು.

"ಬಿಡಾಕ ನೋಡಲಿಲ್ಲೇನ್ರಿ ನೀವು?" ಎಂದು ಕೇಳಿದೆ.

"ಎರಡ ಸಲ ನೋಡೇನಿ. ನನಗ ಆಗಲಿಲ್ಲ. ಆಗೋರು ಅದಾರ. ಡಾಕ್ಟರು ಹೇಳಿದಂಗ ಹಗೂರಕ ಇಳಿಸಿ ಬಿಟ್ಟಾರ, ಚಲೋ ಅದಾರ. ನೀವೂ ಬಿಡೂ ದಿನ ಬಂದ್ರ ಬಿಡ್ರಿ. ನಾಚಿಕಿಗೆ ಬಿಡಬ್ಯಾಡ್ರಿ ಅಷ್ಟ. ಅಂವ ನಾಚಿಕಿಗೆ ಬಿಟ್ಟ."

ಹುನಗುಂದದಲ್ಲಿ ಇಳಿಯಲು ಎದ್ದೆ. ಇಳಿಯಲಿಲ್ಲ. ಅವರ ಸಂಗಡವೇ ನವನಗರಕ್ಕೆ ಹೋದೆ. ಕೇಂದ್ರದ ಬಾಗಿಲು ತೆಗೆದು, ಕೈ ತೊಳೆದುಕೊಂಡು, ಅವರು ಮೊದಲು ಮಾಡಿದ್ದು ಏನೆಂದರೆ ಕಸ ಗುಡಿಸುವ ಆಯಾಳನ್ನು ಕರೆದದ್ದು. ಇಳಕಲ್ಲಿನ ಸುದ್ದಿ ಕೇಳಿ ಬೆಳಗ್ಗೆ ಬೆಂಚಿನವರಿಗೆಲ್ಲ ಕೊಟ್ಟು ಅವಸರದಲ್ಲಿ ಹೊರಟವರು ತಮ್ಮದನ್ನು ತೆಗೆದುಕೊಂಡಿರಲಿಲ್ಲ. ತಮ್ಮ ಗುಳಿಗೆಯನ್ನು ಪುಡಿ ಮಾಡಿ, ಬಾಯಿಗೆ ಹಾಕಿಕೊಂಡು, ನಮ್ಮ ಬೆಂಚಿನ ಮೇಲೆಯೇ ಕುಳಿತರು. ಹತ್ತು ನಿಮಿಷದ ಮೇಲೆ ಆಯಾ ಟಾರ್ಚು ಹಿಡಿದು ಅವರ ನಾಲಿಗೆಯಡಿ ನೋಡಿದಳು. "ಕರಗೇತ್ರಿ" ಎಂದು ಹೇಳಿ ರಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದಳು. ಉಳಿದವರಿಗೆ ಇದ್ದ ನಿಯಮ ಅವರಿಗೂ. ಅವರೇ ಮಾಡಿಕೊಂಡ ನಿಯಮ. ಆಮೇಲೆ ಎದ್ದು ಡಾಕ್ಟರಮ್ಮನಿಗೆ ಫೋನ್ ಮಾಡಿ ನನ್ನ ಸ್ಥಿತಿ ಹೇಳಿ, ಎಷ್ಟು ಕೊಡಬೇಕೆಂದು ಕೇಳಿಕೊಂಡು, "ಬರ್ರಿ ಮಾಸ್ತರ" ಅಂದರು.

ಆ ದಿನದಿಂದ ನಮ್ಮಿಬ್ಬರಿಗೆ ಒಂದು ರೀತಿಯ ಸ್ನೇಹ. ಸ್ನೇಹವೆಂದರೆ ಹೆಚ್ಚೇನಲ್ಲ. ಶನಿವಾರ ನಾನು ಹೋದಾಗ ಚಹಾ. ಹಬ್ಬಕ್ಕೆ ಮನೆಗೆ ಕರೆದರೆ ಬರುತ್ತಿರಲಿಲ್ಲ. "ಯಾರಂತ ಹೇಳ್ತೀರಿ ನನ್ನ?" ಎಂದು ನಗುತ್ತಿದ್ದರು. ಹೆಂಡತಿಗೂ ಅವಳ ತವರಿನವರಿಗೂ ಅಷ್ಟೇ ಗೊತ್ತು; ಶಾಲೆಯಲ್ಲಿ ಎಲ್ಲರಿಗೂ ನಾನು ಬೆನ್ನಿನ ಚಿಕಿತ್ಸೆಗೆ ಬಾಗಲಕೋಟೆಗೆ ಹೋಗುತ್ತಿದ್ದವನು.

ಒಂದು ಶನಿವಾರ ಅವರು ಮಡಚಿದ ಕಾಗದವೊಂದನ್ನು ನನ್ನ ಮುಂದಿಟ್ಟರು. ಮಗಳಿಗೆ ಬರೆದದ್ದು. "ನೀವು ಕನ್ನಡ ಕಲಿಸೋರು, ತಪ್ಪಿದ್ರ ತಿದ್ದಿ ಕೊಡ್ರಿ. ಕಾಲೇಜಿಗೆ ಹೋಗೂ ಹುಡುಗಿ, ನಕ್ಕಾಳು" ಅಂದರು. ತಪ್ಪುಗಳು ಬಹಳ ಇದ್ದವು. ಅಲ್ಪಪ್ರಾಣ ಮಹಾಪ್ರಾಣ ಒಂದೂ ಸರಿಯಿಲ್ಲ, ವಾಕ್ಯಗಳು ಮಾತಾಡಿದ ಹಾಗೆಯೇ. ಅಲ್ಲಿದ್ದ ಸಂಗತಿ ಇಷ್ಟೇ: ಇಲ್ಲಿ ಬಿಸಿಲು ಹೆಚ್ಚು, ನೀನು ನೀರು ಹೆಚ್ಚು ಕುಡಿ, ಪರೀಕ್ಷೆಗೆ ನಿದ್ದೆಗೆಡಬೇಡ. ನಾನು ತಿದ್ದಿ, ಚಂದ ಮಾಡಿ ಕೊಟ್ಟೆ. ಅವರು ಅದನ್ನು ತಮ್ಮ ಕೈಯಿಂದ ನಕಲು ಮಾಡಿ ಅಂಚೆಗೆ ಹಾಕಿದರು. ಆಮೇಲೆ ತಿಂಗಳಿಗೊಂದು. ಚಿಕಿತ್ಸೆಯ ವಿಷಯ ಬರೆಯಿರಿ ಎಂದು ಎರಡು ಮೂರು ಸಲ ಹೇಳಿದೆ. "ಬ್ಯಾಡ್ರಿ. ಆಕಿ ಮದುವಿ ಮಾತಿಗೆ ಅಡ್ಡ ಬರ್ತೈತಿ" ಅಂದರು. ಉತ್ತರ ಒಮ್ಮೆಯೂ ಬರಲಿಲ್ಲ. ಬರಲಿಲ್ಲವೆಂದು ಅವರು ಹೇಳಿಕೊಳ್ಳಲೂ ಇಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ಅವರು ಹೋದದ್ದು ಒಂದು ಚಳಿಗಾಲದ ಬೆಳಗ್ಗೆ. ಏಳೂವರೆಯಾದರೂ ಬಾಗಿಲು ತೆಗೆಯಲಿಲ್ಲವೆಂದು ಬೆಂಚಿನ ಮಂದಿ ಎಂಟರವರೆಗೆ ಕಾಯ್ದು, ಆಯಾಳನ್ನು ಹಿತ್ತಿಲ ಕೋಣೆಗೆ ಕಳಿಸಿದರು. ಅವರು ಅಂಗಿ ತೊಟ್ಟು, ಬೂಟು ಹಾಕಿಕೊಳ್ಳಲು ಕುರ್ಚಿಯ ಮೇಲೆ ಕುಳಿತವರು ಹಾಗೆಯೇ ಹೋಗಿದ್ದರು. ಎದೆ ನಿಂತಿತ್ತು ಎಂದು ಡಾಕ್ಟರಮ್ಮ ಹೇಳಿದರು. ನನಗೆ ಆಯಾ ಫೋನ್ ಮಾಡಿದಳು. ನಾನು ಶಾಲೆಯಿಂದ ಹಾಗೆಯೇ ಹೊರಟೆ.

ಮನೆಯ ಮುಂದೆ ಅಣ್ಣನ ಕಡೆಯ ಹದಿನೈದು ಇಪ್ಪತ್ತು ಜನ. ಸ್ವಲ್ಪ ದೂರದಲ್ಲಿ, ರಸ್ತೆಯ ಆಚೆ, ನಮ್ಮ ಬೆಂಚಿನವರು ಚದುರಿ ನಿಂತಿದ್ದರು, ಒಬ್ಬರಿಗೊಬ್ಬರು ಗುರುತಿಲ್ಲದವರಂತೆ. ವಿಭೂತಿ ಹಚ್ಚಿ ಬ್ರದರನ್ನು ಕೂಡಿಸಿದ್ದರು. ಜನರ ನಡುವೆ ಒಬ್ಬ ಹೆಂಗಸು ಮತ್ತೊಬ್ಬಳಿಗೆ, "ಎದಿ ಅಂತಾರ. ಅದನ್ನ ಹೆಚ್ಚಿಗಿ ಚುಚ್ಚಿಕೊಂಡಿರಬೇಕು ಬಿಡು" ಅಂದದ್ದು ಕೇಳಿಸಿತು. ಧಾರವಾಡದಿಂದ ಮಗಳು ಒಬ್ಬಳೇ ಬಂದಿದ್ದಳು. ಇಪ್ಪತ್ತೆರಡರ ಹುಡುಗಿ. ಯಾರ ಹತ್ತಿರವೂ ನಿಲ್ಲದೆ, ಅಳದೆ, ಗೋಡೆಗೆ ಆತು ನಿಂತಿದ್ದಳು. ಅವಳೂ ಆ ಮಾತು ಕೇಳಿರಬೇಕು.

ಅಷ್ಟರಲ್ಲಿ ನನ್ನ ಹೆಗಲ ಮೇಲೆ ಕೈ ಬಿತ್ತು. ನಮ್ಮ ಶಾಲೆಯ ಪಿ.ಟಿ. ಮಾಸ್ತರರು. ಅಣ್ಣನ ಹೆಂಡತಿಯ ಕಡೆಯ ನೆಂಟರಂತೆ. "ಏನ್ರಿ ಸರ್, ನೀವಿಲ್ಲಿ? ಇವರು ನಿಮಗ ಹೆಂಗ ಪರಿಚಯ?" ಎಂದರು, ಎಲ್ಲರಿಗೂ ಕೇಳುವಂತೆ. ಹುಡುಗಿಯೂ ತಲೆಯೆತ್ತಿ ನೋಡಿದಳು.

ಬಾಯಲ್ಲಿ ಸುಳ್ಳು ತಯಾರಿತ್ತು. ಆರೇಳು ವರ್ಷಗಳಿಂದ ನಾನು ಸುಳ್ಳು ಹೇಳಿಯೇ ಬದುಕಿದವನು, ಇನ್ನೊಂದು ಕಷ್ಟವಾಗುತ್ತಿರಲಿಲ್ಲ.

"ನಾ ಅವರ ಪೇಶಂಟ್ ರಿ" ಅಂದೆ. "ಐದು ವರ್ಷದಿಂದ. ನೋವಿನ ಗುಳಿಗಿಗೆ ಬಿದ್ದಿದ್ದೆ. ಅವರು ಉಳಿಸಿದ್ರು."

ಪಿ.ಟಿ. ಮಾಸ್ತರರ ಕೈ ನನ್ನ ಹೆಗಲಿನಿಂದ ಜಾರಿತು. ರಸ್ತೆಯ ಆಚೆ ನಿಂತ ನಮ್ಮವರು ಯಾರೂ ಮುಂದೆ ಬರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಮಣ್ಣಿಗೆ ಹೋಗುವಾಗ ಅವರೆಲ್ಲ ಹಿಂದೆ ಹಿಂದೆ ಬಂದರು, ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿ ಹೋದರು.

ಎಲ್ಲ ಮುಗಿದು ಜನ ಚದುರಿದಾಗ ಹುಡುಗಿ ನನ್ನ ಬಳಿ ಬಂದಳು.

"ಕಡೀತನಕಾ ಬಿಟ್ಟಿದ್ದಿಲ್ಲೇನ್ರಿ ಅಪ್ಪ?"

"ಸೂಜಿ ಬಿಟ್ಟು ಹದಿನೈದು ವರ್ಷ ಆಗಿತ್ತವ್ವಾ" ಅಂದೆ. "ಗುಳಿಗಿ ಬಿಟ್ಟಿದ್ದಿಲ್ಲ. ಗುಳಿಗಿ ಬಿಡಲಿಲ್ಲಂತನ ಸೂಜಿ ಬಿಟ್ಟಿತ್ತು."

"ನಮಗ ಯಾರೂ ಹೇಳಲಿಲ್ಲ. ಹಂಗ ಅದಾರ ಅಂತನ ತಿಳಕೊಂಡಿದ್ವಿ" ಅಂದಳು. ಆಮೇಲೆ, "ಕಾಗದ ಬರ್ತಿದ್ದು. ಸಣ್ಣಾಕಿ ಇದ್ದಾಗ ಎಲ್ಲಾ ಓದ್ತಿದ್ದೆ. ಭಾಳ ತಪ್ಪಿರ್ತಿದ್ದು, ನಗು ಬರ್ತಿತ್ತು. ನಾಕೈದು ವರ್ಷದಿಂದ ಒಂದೂ ತಪ್ಪಿಲ್ಲದ ಬರಾಕ ಹತ್ತಿದ್ದು. ಬ್ಯಾರೆ ಯಾರೋ ಹೇಳಿ ಬರಸ್ತಾರ, ಅಪ್ಪಂದಲ್ಲ ಅನಿಸಿ ಓದೂದ ಬಿಟ್ಟೆ."

"ತಿದ್ದಿದಾಂವ ನಾನ ತಂಗಿ" ಎಂದು ಹೇಳಿದೆ. ಬೇರೆ ಏನು ಹೇಳಲಿ? ಮೊದಲು ಅವರು ಏನು ಬರೆಯುತ್ತಿದ್ದರು, ನಾನು ಅದನ್ನು ಏನು ಮಾಡುತ್ತಿದ್ದೆ ಎಂದು ಒಂದೊಂದೇ ನೆನಪಿಸಿಕೊಂಡು ಹೇಳಿದೆ. 'ನೀರ ಭಾಳ ಕುಡಿಯವ್ವಾ' ಎಂದಿದ್ದದ್ದನ್ನು ನಾನು 'ಆರೋಗ್ಯದ ಕಡೆ ಗಮನವಿರಲಿ' ಎಂದು ತಿದ್ದಿದ್ದೆ. ಆಗ ಅವಳು ಅತ್ತಳು. ಸ್ಮಶಾನದ ಕಾಂಪೌಂಡಿನ ಗೋಡೆಯ ಮೇಲೆ ಕುಳಿತು, ಧಾರವಾಡದ ಬಸ್ಸಿನ ಹೊತ್ತಾಗುವವರೆಗೆ, ನನಗೆ ಗೊತ್ತಿದ್ದಷ್ಟು ಅವಳ ಅಪ್ಪನನ್ನು ಅವಳಿಗೆ ಹೇಳಿದೆ. ಆ ಹೆರಿಗೆಯ ಹೆಣ್ಣುಮಗಳ ಸಂಗತಿಯನ್ನೂ ಮುಚ್ಚಿಡಲಿಲ್ಲ.

ಹುನಗುಂದಕ್ಕೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಹೆಡ್ ಮಾಸ್ತರರು ಕರೆದು, ಡಾಕ್ಟರರ ಪತ್ರ ಕೇಳಿದರು, ತಂದುಕೊಟ್ಟೆ. ಕೆಲಸ ಉಳಿಯಿತು. ಶಿಕ್ಷಕರ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಇನ್ನೂ ಬಹುಮಟ್ಟಿಗೆ ಖಾಲಿಯೇ ಇರುತ್ತದೆ. ಇಬ್ಬರು ಪಾಲಕರು ತಮ್ಮ ಮಕ್ಕಳನ್ನು ಬೇರೆ ವಿಭಾಗಕ್ಕೆ ಹಾಕಿಸಿಕೊಂಡರು. ಹೆಂಡತಿಯ ಅಣ್ಣ ಬರುವುದನ್ನು ನಿಲ್ಲಿಸಿದರು. ಆದರೆ ಒಂದು ಶನಿವಾರ ನಾನು ಬಸ್ಸಿಗೆ ಹೊರಟಾಗ ಹೆಂಡತಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೇನಿ" ಅಂದಳು. ಕೇಂದ್ರದಲ್ಲಿ ಈಗ ಒಬ್ಬ ಸಿಸ್ಟರ್ ಇದ್ದಾರೆ. ಒಳ್ಳೆಯವರು. ಹೆಂಡತಿ ಅವರನ್ನು ಬಹಳ ಪ್ರಶ್ನೆ ಕೇಳಿದಳು, ಇಷ್ಟು ವರ್ಷ ನನ್ನನ್ನು ಕೇಳದೆ ಇದ್ದವನ್ನೆಲ್ಲ.

ನನ್ನ ಗುಳಿಗೆಯನ್ನು ಡಾಕ್ಟರಮ್ಮ ಈಗ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದಾರೆ. ಪೂರ್ತಿ ಬಿಡುತ್ತೇನೋ ಇಲ್ಲವೋ ಗೊತ್ತಿಲ್ಲ. ಅವಸರವೂ ಇಲ್ಲ. ಅವಸರ ಮಾಡದೆ ಇರುವುದನ್ನು ನಾನು ಒಬ್ಬರಿಂದ ಕಲಿತಿದ್ದೇನೆ, ಆ ಋಣವನ್ನು ತೀರಿಸಲು ಅವರಿಲ್ಲ.

ಧಾರವಾಡದ ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ಮಾತು ಹೆಚ್ಚೇನೂ ಇರುವುದಿಲ್ಲ. ಹೋದ ವಾರ ಮಾಡಿದ್ದಳು. ಇನ್ನೇನು ಇಡಬೇಕು ಅನ್ನುವಾಗ ತಡೆದು ಕೇಳಿದಳು: "ಕಾಕಾ, ನಿದ್ದಿ ಬರ್ತೈತೇನ್ರಿ?"

ಅಪ್ಪನ ಆ ಪ್ರಶ್ನೆಯನ್ನು ಅವಳಿಗೆ ಯಾರು ಹೇಳಿಕೊಟ್ಟರೋ! ನಾನಂತೂ ಅದೊಂದನ್ನು ಹೇಳಿರಲಿಲ್ಲ.

"ಬರ್ತೈತವ್ವಾ" ಅಂದೆ.